ಉಗುರಿನ ಪರೀಕ್ಷೆ

ಛತ್ರಪತಿ ಸಂಭಾಜಿನಗರದ ನಮ್ಮ ಕಾರ್ಖಾನೆಯಲ್ಲಿ ಟೈಟಾನಿಯಂನ ಕೃತಕ ಸೊಂಟದ ಕೀಲುಗಳಿಗೆ ಸೆರಾಮಿಕ್ ಪುಡಿಯನ್ನು ಉರಿಯಲ್ಲಿ ಕರಗಿಸಿ ಲೇಪಿಸುತ್ತಿದ್ದೆವು. ಮೂಳೆ ಆ ಲೇಪಕ್ಕೆ ಅಂಟಿಕೊಂಡು ಬೆಳೆಯಬೇಕು; ಲೇಪ ಎದ್ದು ಬರಬಾರದು. ಅದನ್ನು ನೋಡುವ ಕ್ವಾಲಿಟಿ ಇನ್‌ಸ್ಪೆಕ್ಟರು ಬೀದರ ಕಡೆಯವರು. ನನಗಿಂತ ಇಪ್ಪತ್ತು ವರ್ಷ ದೊಡ್ಡವರು, ಆದರೂ ನನಗೆ 'ರೀ' ಎನ್ನುತ್ತಿದ್ದರು.

ಲೇಪದ ಹಿಡಿತ ಪರೀಕ್ಷಿಸುವ ಮಷಿನ್ನು ಪಾಸು ಮಾಡಿದ ಮೇಲೂ ಅವರಿಗೆ ಸಮಾಧಾನವಿರಲಿಲ್ಲ. ಮಾದರಿ ತುಂಡಿನ ಅಂಚನ್ನು ಹೆಬ್ಬೆರಳ ಉಗುರಿನಿಂದ ಒಮ್ಮೆ ಕೆರೆದು, ಆ ಉಗುರನ್ನು ನನ್ನ ಮುಖದ ಮುಂದೆ ಹಿಡಿಯುತ್ತಿದ್ದರು.

"ನೋಡ್ರಿ, ಏನೂ ಬಂದಿಲ್ಲ."

ನಾನು "ಹೌದ್ರಿ" ಅಂದ ಮೇಲೇ ಅವರ ಸಹಿ. ನನಗೆ ಬೇಸರವಾಗುತ್ತಿತ್ತು, ಉಗುರಿನ ಪರೀಕ್ಷೆ ಯಾವ ಪುಸ್ತಕದಲ್ಲೂ ಇಲ್ಲ. ರೋಗಿಗೆ ಹೋಗುವ ಕೀಲನ್ನು ಮಾತ್ರ ಅವರು ಗ್ಲೌಸ್ ಇಲ್ಲದೆ ಎಂದೂ ಮುಟ್ಟಿದವರಲ್ಲ.

ಅವರ ಹೆಂಡತಿಗೆ ಹಾಕಿದ್ದೂ ನಮ್ಮಲ್ಲೇ ಲೇಪಿಸಿದ ಕೀಲು. ಆಕೆ ಆರು ವರ್ಷ ಅದರ ಮೇಲೆ ನಡೆದಾಡಿ, ಹೋದ ಚಳಿಗಾಲದಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಅಸ್ಥಿ ಬಿಡಲು ನಾಸಿಕಕ್ಕೆ ಹೊರಟಾಗ ನಾನೂ ಜೊತೆಗೆ ಹೋದೆ. ಗೋದಾವರಿಯ ಘಾಟಿನಲ್ಲಿ ಗಂಟು ಬಿಚ್ಚಿದರೆ, ಮೂಳೆಯ ಚೂರುಗಳ ನಡುವೆ ಆ ಕೀಲು ಇತ್ತು. ಅದನ್ನೂ ಬಿಟ್ಟುಬಿಡಿ ಎಂದು ಭಟ್ಟರು ಮರಾಠಿಯಲ್ಲಿ ಅವಸರ ಮಾಡಿದರು.

ಇವರು ಅದನ್ನು ಬರಿಗೈಯಲ್ಲಿ ಎತ್ತಿಕೊಂಡರು. ತಿರುಗಿಸಿ ನೋಡಿ, ಅಂಚನ್ನು ಹೆಬ್ಬೆರಳ ಉಗುರಿನಿಂದ ಒಮ್ಮೆ ಕೆರೆದು, ಉಗುರನ್ನು ನನ್ನ ಮುಖದ ಮುಂದೆ ಹಿಡಿದರು.

"ನೋಡ್ರಿ, ಏನೂ ಬಂದಿಲ್ಲ."

ಉಗುರಿನ ತುಂಬ ಬೂದಿಯಿತ್ತು.

"ಹೌದ್ರಿ" ಅಂದೆ.