ಕಣ್ಣಿನಿಂದ ನಡೆದವಳು

ಕೊರೊನಾ ಕಳೆದು ಕಟ್ಟಡದ ಕೆಲಸಗಳು ಮತ್ತೆ ಶುರುವಾಗಿದ್ದ ವರ್ಷ. ನಾನು ಗೋವಾದ ದಾಬೋಲಿಮ್ ಹತ್ತಿರದ ಒಂದು ವಸತಿ ಕಟ್ಟಡದಲ್ಲಿ ಮೇಸ್ತ್ರಿಯಾಗಿದ್ದೆ. ಎರಡನೇ ಅಂತಸ್ತಿನ ಸ್ಲ್ಯಾಬ್ ಹಾಕಿದ ದಿನ ನನ್ನ ಹೆಂಡತಿ ಕಸ್ತೂರಿ ಎಂದಿನಂತೆ ಹೆಂಗಸರ ಸಾಲಿನ ಮುಂದಿದ್ದಳು. ಸ್ಲ್ಯಾಬ್ ಎಂದರೆ ಛಾವಣಿಯ ಕಾಂಕ್ರೀಟು. ಸುರಿಯಲು ಶುರುಮಾಡಿದರೆ ಮುಗಿಯುವವರೆಗೆ ನಿಲ್ಲಿಸುವಂತಿಲ್ಲ. ತಲೆಯ ಮೇಲೆ ಸಿಂಬಿ, ಅದರ ಮೇಲೆ ತುಂಬಿದ ಬುಟ್ಟಿ. ಹೊತ್ತವರು ಕೆಳಗೆ ನೋಡಿದರೆ ಮಾಲು ಚೆಲ್ಲುತ್ತದೆ. ಇಳಿಜಾರು ಹಲಗೆಯ ಮೇಲೆ ಪಾದವೇ ದಾರಿ ಹುಡುಕಿಕೊಳ್ಳಬೇಕು. ಸಂಜೆ ಮಾಲೀಕರು ಕೊಟ್ಟ ಊಟ ಉಂಡು ಮಂಗೋರ್ ಹಿಲ್‌ನ ಮನೆಗೆ ಹೋದೆವು. ಮೆಟ್ಟಿಲುಗಳನ್ನು ಅವಳು ನನಗಿಂತ ಮುಂದೆ ಹತ್ತಿದಳು.

ಮರುದಿನ ಎದ್ದಾಗ ಎರಡೂ ಪಾದಗಳಿಗೆ ಜೋಮು ಹಿಡಿದಿದೆ ಎಂದಳು. ನಮ್ಮಲ್ಲಿ ಜೋಮಿಗೆ ಯಾರೂ ಆಸ್ಪತ್ರೆಗೆ ಹೋಗುವುದಿಲ್ಲ. ಕಾಲು ನೆಲಕ್ಕೆ ಬಡಿದರೆ ಬಿಡುತ್ತದೆ. ಅವಳೂ ಬಡಿದಳು. ಪಕ್ಕದ ಮನೆಯ ಅಜ್ಜಿ ಎಣ್ಣೆ ತಿಕ್ಕಿದರು. ಔಷಧಿ ಅಂಗಡಿಯವರು ಶಕ್ತಿಯ ಗುಳಿಗೆ ಕೊಟ್ಟರು. ಜೋಮು ಎಂಬ ಮಾತೇ ನಮ್ಮನ್ನು ಸುಮ್ಮನಿರಿಸಿತು. ಬಂದ ಜೋಮು ಹೋಗದೆ ಇರುವುದನ್ನು ನಾವ್ಯಾರೂ ಕಂಡಿರಲಿಲ್ಲ.

ಕೆಲವು ವಾರಗಳಲ್ಲಿ ಚಪ್ಪಲಿ ಕಳಚಿ ಹಿಂದೆ ಉಳಿದರೂ ಅವಳಿಗೆ ತಿಳಿಯದಾಯಿತು. ಹಲಗೆಯ ಮೇಲೆ ಕಾಲು ಅಗಲಿಸಿ, ಅಪ್ಪಳಿಸಿ ಇಡುತ್ತಿದ್ದಳು. ಮಿಕ್ಸರ್ ನಡೆಸುವ ಬಸು ಕೆಳಗಿನಿಂದ ಕೇಳಿದ: "ಯಕ್ಕಾ, ಮುಂಜಾನೇನ ಫೆಣಿ ಹಾಕ್ಕೊಂಡ ಬಂದಿಯೇನ?"

"ಕುಡದಿದ್ರ ನಿನ್ನಂಗ ನೆಟ್ಟಗ ನಿಂದರತಿದ್ನೆಲೋ," ಎಂದಳು. ಎಲ್ಲರೂ ನಕ್ಕರು. ಅಂದೇ ಮಧ್ಯಾಹ್ನ ಬುಟ್ಟಿ ಸಮೇತ ಬಿದ್ದಳು. ಓಡಿಬಂದು ಎತ್ತಿದವನು ಬಸುವೇ.

ದೊಡ್ಡ ಆಸ್ಪತ್ರೆಯ ಡಾಕ್ಟರು ಅವಳ ಕಾಲಿನ ಬಲ ಪರೀಕ್ಷಿಸಿದರು. ಬಲ ಇತ್ತು. ಪಾದ ಜೋಡಿಸಿ ನಿಲ್ಲಲು ಹೇಳಿದರು, ನಿಂತಳು. ಕಣ್ಣು ಮುಚ್ಚಲು ಹೇಳಿದರು. ಮುಚ್ಚಿದ ಕೂಡಲೇ ವಾಲಿ ಅವರ ತೋಳಿಗೆ ಬಿದ್ದಳು. ಎಂಆರ್‌ಐ ತೆಗೆದ ಮೇಲೆ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದರು. ದೇಹವನ್ನು ಕಾಯಬೇಕಾದ ಶಕ್ತಿಯೇ ನರಗಳ ಹೊದಿಕೆಯನ್ನು ಹಾಳುಮಾಡುವ ರೋಗ ಅದು. ಕಾಲು ಎಲ್ಲಿದೆ ಎಂಬ ಸುದ್ದಿ ಮೆದುಳಿಗೆ ಮುಟ್ಟುತ್ತಿಲ್ಲ, ಆ ಕೊರತೆಯನ್ನು ಕಣ್ಣು ತುಂಬುತ್ತಿದೆ, ಪೂರ್ತಿ ವಾಸಿಯಾಗದು, ಇಂಜೆಕ್ಷನ್‌ನಿಂದ ನಿಧಾನ ಮಾಡಬಹುದು ಎಂದು ಹಿಂದಿಯಲ್ಲಿ ತಿಳಿಸಿದರು.

ಮನೆಗೆ ಮರಳುವ ಬಸ್ಸಿನಲ್ಲಿ ಕಸ್ತೂರಿ ತನ್ನ ಪಾದಗಳನ್ನು ನೋಡಿಕೊಂಡಳು. ಆಮೇಲೆ, "ಹಂಗಾರ ಇಷ್ಟ ದಿನಾ ನಾ ಕಣ್ಣಿಲೆ ನಡದೇನ್ರಿ," ಎಂದಳು. "ಬುಟ್ಟಿ ಹೊತ್ರ ಕಣ್ಣ ಮುಂದಿರ್ತಾವ. ಅದಕ್ಕ ಬಿದ್ದೆ."

ಕೆಲಸ ಬಿಟ್ಟಳು. ಯಾರ ಕೈಯನ್ನೂ ಹಿಡಿಯದೆ ಬಚ್ಚಲಿಗೆ ಹೋಗಿಬರಬೇಕು, ಅಷ್ಟು ಉಳಿದರೆ ಸಾಕು ಎನ್ನುತ್ತಿದ್ದಳು. ನಾನು ಗೋಡೆಗುಂಟ ಹಿಡಿದು ನಡೆಯಲು ಪೈಪು ಕೂಡಿಸಿದೆ, ಹೊಸ್ತಿಲಿಗೂ ಮೆಟ್ಟಿಲ ಅಂಚಿಗೂ ಹಳದಿ ಪಟ್ಟಿ ಬಳಿದೆ. ತಲೆ ತಗ್ಗಿಸಿ ಪಾದ ನೋಡುತ್ತ ನಡೆಯುವ ಅವಳನ್ನು, ಹೊಸ ಸೊಸೆಯಾಗಿದ್ದೀಯಾ ಎಂದು ಅಜ್ಜಿ ಛೇಡಿಸುತ್ತಿದ್ದರು. ಕರೆಂಟು ಹೋದರೆ ಇದ್ದಲ್ಲೇ ಕುಳಿತು ನನ್ನನ್ನು ಕೂಗುತ್ತಿದ್ದಳು. ಇಂಜೆಕ್ಷನ್ ನಡೆದಿತ್ತು. ಹೀಗೇ ಇದ್ದರೂ ಬಾಳಬಹುದು ಎಂದುಕೊಂಡಿದ್ದೆವು.

ಒಂದು ಬೆಳಿಗ್ಗೆ ಕೇಳಿದಳು: "ರೀ, ಆ ಹಳದಿ ಪಟ್ಟಿ ಒರಸೀರೇನು?"

ಪಟ್ಟಿಗಳು ಇದ್ದಲ್ಲೇ ಇದ್ದವು. ಡಬ್ಬಿ ತೆಗೆದು ಅದೇ ಪಟ್ಟಿಗಳ ಮೇಲೆ ಇನ್ನೊಂದು ಕೈ ಬಣ್ಣ ಬಳಿದೆ. ಅವಳು ಗೋಡೆಗೆ ಒರಗಿ, ನಾನು ಬಳಿಯುತ್ತಿದ್ದ ಕಡೆಗೆ ಮುಖ ಮಾಡಿ ಕುಳಿತಿದ್ದಳು. ಮುಗಿಸಿದ ಮೇಲೆ, ಈಗ ಕಾಣುತ್ತದೆಯೇ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಮರುದಿನ ಡಾಕ್ಟರು ಕಣ್ಣಿನ ನರಕ್ಕೂ ರೋಗ ತಗುಲಿದೆ ಎಂದರು. ಡ್ರಿಪ್‌ನಲ್ಲಿ ಔಷಧಿ ಕೊಟ್ಟಾಗ ನೋಟ ಸ್ವಲ್ಪ ಮರಳಿತು, ಆದರೆ ಉಳಿಯಲಿಲ್ಲ.

ಆಮೇಲೆ ಕೈಗಳೂ ಮರಗಟ್ಟಿದವು. ಬಚ್ಚಲಿಗೆ ನಾನೇ ನಡೆಸುತ್ತಿದ್ದೆ. ನನ್ನ ಹಿಡಿತ ಅವಳಿಗೆ ತಿಳಿಯುತ್ತಿರಲಿಲ್ಲ.

"ಹಿಡದೀರೇನ್ರಿ?"

"ಹಿಡದೇನಿ."

ಎರಡು ಹೆಜ್ಜೆಗೊಮ್ಮೆ ಕೇಳುತ್ತಿದ್ದಳು. ಬರಬರುತ್ತ ನಡಿಗೆಯೂ ನಿಂತು ಹಾಸಿಗೆ ಹಿಡಿದಳು. ಹೋದ ವರ್ಷ ಎದೆಯಲ್ಲಿ ಕಫ ಕಟ್ಟಿ ತೀರಿಕೊಂಡಳು.

ಬಿರುಕು ಕಂಡಲ್ಲಿ ಆಸರೆ ಕೊಟ್ಟರೆ ನಿಲ್ಲುತ್ತದೆ ಎಂದು ನನ್ನ ಕಸುಬು ಕಲಿಸಿತ್ತು. ಎಲ್ಲ ಆಸರೆ ಕೊಟ್ಟ ಮೇಲೂ ಕುಸಿಯುವುದಿದೆ ಎಂಬುದನ್ನು ಅವಳನ್ನು ಹಿಡಿದು ನಡೆಸಿದಾಗ ಕಲಿತೆ. ಈಗ ನನ್ನ ಆಳುಗಳಲ್ಲಿ ಯಾರಾದರೂ ಜೋಮು ಎಂದರೆ ಅಂದೇ ಆಸ್ಪತ್ರೆಗೆ ಕಳಿಸುತ್ತೇನೆ. ಹೆಚ್ಚಿನವರು ನಗುತ್ತ ವಾಪಸು ಬರುತ್ತಾರೆ.

ಸಂಜೆ ಮನೆಗೆ ಹೋಗುತ್ತೇನೆ. ಕೈ ಹಿಡಿದಿದ್ದೀರಾ ಎಂದು ಕೇಳುವವರು ಅಲ್ಲಿ ಯಾರೂ ಇಲ್ಲ.