ಅಕ್ಕನ ಮುನ್ನೂರು ವಿನ್ಯಾಸಗಳು

ಅವನಿಗೆ ಜೋಪಾನ ಎಂಬ ಅಡ್ಡಹೆಸರು ಸುಮ್ಮನೆ ಬಂದದ್ದಲ್ಲ. ಮೂವತ್ತು ವರ್ಷ ಯಂತ್ರ ರಿಪೇರಿ ಮಾಡಿಯೂ ಒಮ್ಮೆಯೂ ಶಾಕ್ ಹೊಡೆಸಿಕೊಳ್ಳದ ಪುಣ್ಯಾತ್ಮ. ಅವನ ಜೊತೆ ಹೊರಗೆ ಹೊರಡುವುದೆಂದರೆ ಹೆಂಡತಿಗೆ ಸಾಕುಸಾಕಾಗುತ್ತಿತ್ತು. ಮೂರು ಸಲ ಬೀಗ ಜಗ್ಗಿ ನೋಡದೆ ಅವನು ಮೆಟ್ಟಿಲಿಳಿಯುತ್ತಿರಲಿಲ್ಲ.

ಅಂಥವನನ್ನು ಅವನ ಅಕ್ಕ ತಾನು ದುಡಿಯುವ ಕಸೂತಿ ಕಾರ್ಖಾನೆಗೆ ಕರೆಸಿದಳು. ಹದಿನೆಂಟು ವರ್ಷಗಳಲ್ಲಿ ಅವಳು ಬರೆದ ಮುನ್ನೂರು ಚಿಲ್ಲರೆ ವಿನ್ಯಾಸಗಳು ಹಳೆಯ ಯಂತ್ರದ ಹೊಟ್ಟೆಯಲ್ಲಿದ್ದವು, ಬೇರೆಲ್ಲೂ ಇರಲಿಲ್ಲ. ಲಕ್ವ ಹೊಡೆದ ಮೇಲೆ ಅವಳ ಬಲಗೈ ನೆಟ್ಟಗೆ ಒಂದು ಗೆರೆ ಎಳೆಯುತ್ತಿರಲಿಲ್ಲ. ಅವನ್ನೆಲ್ಲ ಹೊಸ ಯಂತ್ರಕ್ಕೆ ತಂದುಕೊಟ್ಟರೆ ಅವುಗಳನ್ನು ನೋಡಿಕೊಂಡು ಕೆಲಸದಲ್ಲೇ ಇರಬಹುದು, ಇಲ್ಲದಿದ್ದರೆ ಮನೆಯಲ್ಲಿ ವಿಶ್ರಾಂತಿ ತೆಗೆದುಕೊಳ್ಳಬಹುದು ಎಂದು ಮಾಲೀಕ ಮೆತ್ತಗೆ ಹೇಳಿದ್ದ.

ಹಗಲಿರುಳು ಎರಡು ಪಾಳಿ ದುಡಿಯುವ ಆ ಹಳೆಯ ಯಂತ್ರವನ್ನು ಯಾರೂ ಆರಿಸುತ್ತಲೇ ಇರಲಿಲ್ಲ, ಯುಪಿಎಸ್ ಇದ್ದುದರಿಂದ ಕರೆಂಟ್ ಹೋದರೂ ಅದು ಆರುತ್ತಿರಲಿಲ್ಲ. ಜೋಪಾನ ಮೊದಲು ಅದನ್ನು ಆರಿಸಿ, ಆಮೇಲೆ ಕೇಬಲ್ ಸಿಕ್ಕಿಸಿದ. ಕರೆಂಟ್ ಇರುವಾಗ ಸಿಕ್ಕಿಸಿದರೆ ಪೋರ್ಟ್ ಸುಟ್ಟೀತು ಎಂಬುದು ಅವನು ಕಲಿತ ಮೊದಲ ಪಾಠ. ವಿನ್ಯಾಸಗಳನ್ನು ಇಳಿಸಿಕೊಳ್ಳಲು ಇನ್ನೊಂದು ತುದಿ ಲ್ಯಾಪ್‌ಟಾಪಿನ ಯುಎಸ್‌ಬಿಗೆ ಹೋಯಿತು. ಲ್ಯಾಪ್‌ಟಾಪ್ ಮಾತ್ರ ನೀನ್ಯಾರೋ ನಾನ್ಯಾರೋ ಎಂದು ಕುಳಿತಿತ್ತು. ತೆರೆಯ ಮೇಲೆ ಬರೀ ಎಚ್ಚರಿಕೆಯ ಹಳದಿ ಗುರುತು. ಪೋರ್ಟ್ ಬದಲಿಸಿದ, ಲ್ಯಾಪ್‌ಟಾಪ್ ಆರಿಸಿ ಹಚ್ಚಿದ. ಎರಡು ಗಂಟೆ ತಲೆ ಚಚ್ಚಿಕೊಂಡ ಮೇಲೆ ಗೊತ್ತಾಯಿತು, ಕೇಬಲ್ಲಿನೊಳಗಿನ ಚಿಪ್ ನಕಲಿ, ಲ್ಯಾಪ್‌ಟಾಪಿನ ಹೊಸ ಡ್ರೈವರ್ ತಂತ್ರಾಂಶ ಅದನ್ನು ಹತ್ತಿರ ಸೇರಿಸುತ್ತಿಲ್ಲ. ಹೊಸದನ್ನು ಕಿತ್ತು ಹಳೆಯ ಡ್ರೈವರ್ ಹಾಕಿದ. ಹಳದಿ ಗುರುತು ಹೋಯಿತು.

ಅಕ್ಕ ಸ್ಟೂಲ್ ಎಳೆದುಕೊಂಡು ಪಕ್ಕದಲ್ಲೇ ಕುಳಿತಳು. ತಾನು ಬರೆದ ಮೊದಲನೆಯದನ್ನು ತೋರಿಸುತ್ತೇನೆ ಎಂದಳು. ಅವನು ಯಂತ್ರ ಹಚ್ಚಿದ. ಅದರ ತೆರೆಯ ಮೇಲೆ ವಿನ್ಯಾಸಗಳ ಪಟ್ಟಿ ಬಂತು, ಅದರಲ್ಲಿ ಒಂದೂ ಇರಲಿಲ್ಲ.

ಅವನು ಯಂತ್ರದ ಹಿಂಬದಿಗೆ ಬಗ್ಗಿದ. ಸಾಲಾಗಿಟ್ಟಿದ್ದ ನೂಲಿನ ಉಂಡೆಗಳನ್ನು ಸರಿಸಿದರೆ, ಹಿಂದೆ ಯಂತ್ರದ ನೆನಪು ಕಾಯುವ ಬ್ಯಾಟರಿಯ ಕೆಂಪು ದೀಪ ಮಿನುಗುತ್ತಿತ್ತು. ಆರು ತಿಂಗಳಿಂದಲೂ ಅದು ಹಾಗೇ ಇದೆಯಲ್ಲ ಎಂದಳು ಅಕ್ಕ. ಬ್ಯಾಟರಿ ಸತ್ತಿತ್ತು. ಕರೆಂಟ್ ಹರಿಯುತ್ತಿದ್ದುದರಿಂದ ಮಾತ್ರ ವಿನ್ಯಾಸಗಳು ಉಳಿದಿದ್ದವು. ಅವನು ಸ್ವಿಚ್ ಒತ್ತಿದ ಕೂಡಲೇ ಎಲ್ಲವೂ ಹೋಗಿದ್ದವು. ಆಮೇಲಿನ ಎರಡು ಗಂಟೆ ಅವನು ಗುದ್ದಾಡಿದ್ದು ಖಾಲಿ ಯಂತ್ರಕ್ಕಾಗಿ. ಬ್ಯಾಟರಿ ಹೇಗಿದೆ ಎಂದು ಒಂದು ಮಾತು ಕೇಳಿರಲಿಲ್ಲ. ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು.

“ಅಕ್ಕ, ಏನೂ ಉಳಿದಿಲ್ಲ. ನಾನೇ ಆರಿಸಿ ಕಳೆದುಬಿಟ್ಟೆ.”

ಬೈದಿದ್ದರೆ ಬೈಸಿಕೊಳ್ಳುತ್ತಿದ್ದ.  ಅವಳು ಮಾಲೀಕನ ಕೋಣೆಗೆ ಕೇಳಿಸದಷ್ಟು ಸಣ್ಣ ದನಿಯಲ್ಲಿ ಕೇಳಿದಳು.

“ಹಾಗಾದ್ರೆ ನಾಳೆಯಿಂದ ನಾನು ಬರೋದು ಬೇಡ್ವಾ ತಮ್ಮಾ?”