ಬತ್ತಿಯಲ್ಲಿ ನೀರು ಕುಡಿದ ಎಲೆಬಳ್ಳಿ

ಕೆಲಮಂಗಲದ ನರಸಮ್ಮನ ವಿಷಯ ಬರೆಯಲು ಕೂತದ್ದಕ್ಕೆ ಕಾರಣ ಇಷ್ಟೇ. ಅವರು ಮನೆಗೆ ಬೀಗ ಹಾಕಿಕೊಂಡು ಕಾಶಿಗೆ ಹೋಗಿ ಬಂದರು. ಒಳಗಿದ್ದ ಒಂದು ಗಿಡವೂ ಸಾಯಲಿಲ್ಲ. ಕಾಶಿಗೆ ಎಷ್ಟೋ ಜನ ಹೋಗುತ್ತಾರೆ, ಅದು ದೊಡ್ಡದಲ್ಲ. ಬೀಗ ಹಾಕಿದ ಮನೆಯಲ್ಲಿ ಗಿಡಗಳು ತಾವೇ ನೀರು ಕುಡಿಯುವ ಹಾಗೆ ಮಾಡಿಟ್ಟು ಹೋದರಲ್ಲ, ಅದು ದೊಡ್ಡದು. ನಾನು ಪಕ್ಕದ ಮನೆಯವನು. ಕಣ್ಣಾರೆ ಕಂಡೆ. ಕಂಡದ್ದನ್ನು ಹೇಳದೆ ಇರಬಾರದು.

ನರಸಮ್ಮ ನಮ್ಮ ಬಸ್ ನಿಲ್ದಾಣದ ಹತ್ತಿರ ಹೂ ಕಟ್ಟಿ ಮಾರುತ್ತಾರೆ. ಗಂಡ ಸೊಣ್ಣಪ್ಪ ಹೊಸೂರಿನ ಕಾರ್ಖಾನೆಯೊಂದರಲ್ಲಿ ಸೆಕ್ಯೂರಿಟಿ. ಜೊತೆಗೆ ಸೊಣ್ಣಪ್ಪನ ತಾಯಿ ಪಾಪಮ್ಮ ಇದ್ದಾರೆ. ಮಹಡಿಯ ಮೇಲೆ ಎರಡು ಕೋಣೆಯ ಬಾಡಿಗೆ ಮನೆ. ಕೆಳಗೆ ಮನೆಯ ಮಾಲೀಕ ಮುತ್ತರಾಯಪ್ಪನ ಕಿರಾಣಿ ಅಂಗಡಿ. ಅಂಗಳ ಇಲ್ಲ. ಅದಕ್ಕೇ ಗಿಡಗಳೆಲ್ಲ ಒಳಕೋಣೆಯಲ್ಲಿ. ಮನಿ ಪ್ಲಾಂಟ್, ದೊಡ್ಡಪತ್ರೆ, ಹಾವಿನ ಹಾಗೆ ಪಟ್ಟೆ ಇರುವ ನೆಟ್ಟಗಿನ ಗಿಡ, ಇನ್ನೂ ಏನೇನೋ. ಅವುಗಳ ನಡುವೆ, ಕಿಟಕಿಯ ಸರಳು ಹಿಡಿದು ಮೇಲೆ ಹೋಗಿರುವ ಒಂದು ವೀಳ್ಯದೆಲೆ ಬಳ್ಳಿ.

ಆ ಬಳ್ಳಿಯದೇ ಕಥೆ. ಅದು ನರಸಮ್ಮನ ತಾಯಿ ಚೆನ್ನಮ್ಮನದು. ಗುಮ್ಮಳಾಪುರದ ಮನೆಯ ಬಚ್ಚಲ ಹಿಂದೆ ಇತ್ತು. ತಾಯಿ ತೀರಿಕೊಂಡರು, ಆ ಹಳೆಯ ಮನೆಯನ್ನು ಕೆಡವಿದರು, ಮೂಲದ ಬಳ್ಳಿಯೂ ಹೋಯಿತು. ನರಸಮ್ಮ ಮೊದಲೇ ಒಂದು ತುಂಡು ತಂದು ನೆಟ್ಟಿದ್ದರಿಂದ ಇದೊಂದು ಉಳಿಯಿತು. ಎಲೆಬಳ್ಳಿಯ ವಿಷಯದಲ್ಲಿ ಅವರ ತವರಿನಲ್ಲಿ ಒಂದು ಕಟ್ಟಳೆ ಇದೆ. ನೆಟ್ಟವರೇ ನೀರು ಹಾಕಬೇಕು, ಅದೂ ಸ್ನಾನ ಮಾಡಿ. ಕೈ ಬದಲಾದರೆ ಬಳ್ಳಿ ಮುನಿಸಿಕೊಂಡು ಒಣಗುತ್ತದೆ ಅಂತ. ನಾನು ನಂಬುತ್ತೇನೋ ಇಲ್ಲವೋ, ಅದು ಬೇರೆ. ನರಸಮ್ಮ ನಂಬುತ್ತಾರೆ.

ಚೆನ್ನಮ್ಮನಿಗೆ ಒಂದು ಸಲ ಗಂಗೆಯನ್ನು ನೋಡಬೇಕು ಅಂತ ಆಸೆ ಇತ್ತಂತೆ. ಆಗಲಿಲ್ಲ. ಅವ್ವನ ಹೆಸರಿನಲ್ಲಿ ತಾನಾದರೂ ಮುಳುಗಿ ಬರಬೇಕು ಅಂತ ಮಗಳಿಗಿತ್ತು. ಮಹಿಳಾ ಗುಂಪಿನವರು ಕಾಶಿಗೆ ರೈಲು ಗೊತ್ತು ಮಾಡಿದಾಗ ಗಂಡ, ಹೆಂಡತಿ ಇಬ್ಬರ ಹೆಸರನ್ನೂ ಕೊಟ್ಟು ಬಂದರು. ಪಾಪಮ್ಮ ಅಷ್ಟು ದಿನ ಕಿರಿ ಮಗನ ಮನೆಗೆ ಹೋಗುವುದೆಂದಾಯಿತು. ಎಲ್ಲ ಮುಗಿಯಿತು ಅನ್ನುವಾಗ ನರಸಮ್ಮ ಕಿಟಕಿಯ ಕಡೆ ನೋಡಿದರು. ನಾನು ಆಗ ಅಲ್ಲೇ ಟೀ ಕುಡಿಯುತ್ತಿದ್ದೆ.

"ಬಳ್ಳಿಗೆ ಯಾರ್ ನೀರ್ ಹಾಕ್ತಾರೆ?" ಅಂದರು.

"ಇಲ್ಲೇ ಕುಂತವ್ನಲ್ಲ ಮೂರ್ತಿ. ಅವ್ನೇ ಹಾಕ್ತಾನೆ ಬುಡು" ಅಂದ ಸೊಣ್ಣಪ್ಪ.

"ನೆಟ್ಟೋಳು ನಾನು. ಮೂರ್ತಿ ಕೈ ಇಕ್ಕಿದ್ರೆ ಉಳೀತದಾ?"

"ನೀನ್ ನೆಟ್ಟಿದ್ದು ಅಂತ ಅದ್ಕೇನ್ ಗೊತ್ತು?"

ಮೂಲೆಯಲ್ಲಿ ಎಲೆಗೆ ಸುಣ್ಣ ಸವರುತ್ತಿದ್ದ ಪಾಪಮ್ಮ ತಲೆ ಎತ್ತಿದರು. "ನಿಂಗೆ ಗೊತ್ತಿಲ್ದಿರ್ಬೋದು, ಬಳ್ಳಿಗ್ ಗೊತ್ತೈತೆ. ಸುಮ್ಕಿರ್ಲಾ."

ಆಮೇಲೆ ನರಸಮ್ಮ ಮೆತ್ತಗೆ ಕೇಳಿದರು, "ಅತ್ತೆ, ಬ್ಯಾರೆ ಕೈ ತಾನೆ ತಾಕ್ಬಾರ್ದು? ಮಿಷಿನ್ನಿಗೆ ಕೈ ಎಲ್ಲೈತೆ?"

ಪಾಪಮ್ಮ ಎಲೆ ಬಾಯಿಗಿಟ್ಟುಕೊಂಡು ಚೆನ್ನಾಗಿ ಅಗಿದರು. ತೀರ್ಪು ಆಮೇಲೆ ಬಂತು. "ನೀರು ನೀನೇ ತುಂಬಿಕ್ಕಿ ಹೋಗ್ಬೇಕು. ಅದು ಗಿಡುಕ್ಕೆ ಹೆಂಗ್ ಬತ್ತದೋ ಬರ್ಲಿ."

ಅಲ್ಲಿಗೆ ದಾರಿ ಸಿಕ್ಕಿತು. ಇನ್ನು ತಾನಾಗಿ ನೀರು ಹಾಕುವುದು ಯಾವುದು ಅಂತ ಹುಡುಕಬೇಕಿತ್ತು, ಅಷ್ಟೇ.

ಮೊದಲು ಬಂದದ್ದು ನರಸಮ್ಮನ ತಮ್ಮ ಭೈರೇಶ್. ಅವನು ರೋಜಾ ಬೆಳೆಯುವ ಶೆಡ್ಡುಗಳಿಗೆ ಡ್ರಿಪ್ ಪೈಪು ಹಾಕುವವನು. "ಅಕ್ಕಾ, ಇದ್ಕೆಲ್ಲ ಯಾಕ್ ಯೋಚ್ನೆ, ನಾನಿಲ್ವಾ" ಅಂತ ಒಂದು ಸುರುಳಿ ಕರಿ ಪೈಪು ಹೆಗಲಿಗೆ ಹಾಕಿಕೊಂಡೇ ಮೆಟ್ಟಿಲು ಹತ್ತಿದ. ಅಟ್ಟದ ಮೇಲೆ ಡ್ರಮ್ ಇಟ್ಟ. ಕುಂಡದಿಂದ ಕುಂಡಕ್ಕೆ ಪೈಪು ಎಳೆದ. ಡ್ರಮ್ಮಿಗೆ ನೀರು ತುಂಬಿದ್ದು ಮಾತ್ರ ನರಸಮ್ಮ. ಅವನು ನಲ್ಲಿ ತಿರುಗಿಸಿದ. ತೊಟ್ಟು ತೊಟ್ಟಾಗಿ ಬಿತ್ತು. ಎಲ್ಲರೂ ಸಂತೋಷದಿಂದ ಊಟಕ್ಕೆ ಕೂತರು.

ಮುದ್ದೆ ಮುಗಿಯುವ ಮೊದಲೇ ಕೆಳಗಿಂದ ಮುತ್ತರಾಯಪ್ಪನ ಕೂಗು ಕೇಳಿಸಿತು.

"ನರಸಮ್ಮಾ, ಮ್ಯಾಲೇನು ಗದ್ದೆ ನಾಟಿ ಮಾಡ್ತಿದೀರಾ? ನನ್ನ ಅವರೆಕಾಳ್ ಮೂಟೆ ಮೊಳ್ಕೆ ಹೊಡೀತೈತೆ!"

ಕೋಣೆ ತುಂಬ ನೀರು. ರೋಜಾ ತೋಟದಲ್ಲಿ ನೆಲ ಕುಡಿಯುತ್ತೆ, ಎಷ್ಟು ಬಿಟ್ಟರೂ ನಡೆಯುತ್ತೆ. ಅಂಗೈ ಅಗಲದ ಕುಂಡ ಎಷ್ಟು ಕುಡಿದೀತು? ನಾವೆಲ್ಲ ಗೋಣಿಚೀಲ ಹಾಕಿ ಒರೆಸಿದೆವು.

"ನಿನ್ ತಮ್ಮಂಗೆ ಮನೆಗೂ ಹೊಲಕ್ಕೂ ವ್ಯತ್ಯಾಸ್ವೇ ಇಲ್ವಲ್ಲೇ" ಅಂದ ಸೊಣ್ಣಪ್ಪ.

"ಭಾವ, ಎಕ್ರೆ ಲೆಕ್ಕ ಕೇಳು, ಯೋಳ್ತೀನಿ. ಕುಂಡದ್ ಲೆಕ್ಕ ನಮ್ ವಂಶ್ದಲ್ಲೇ ಯಾರೂ ಮಾಡಿಲ್ಲ" ಅಂತ ಭೈರೇಶ್ ಪೈಪು ಸುತ್ತಿಕೊಂಡು ಹೋದ.

ಆಮೇಲೆ ನಾನೇ ನನ್ನ ಗೂಡ್ಸ್ ಆಟೊದಲ್ಲಿ ನರಸಮ್ಮನನ್ನು ಹೊಸೂರಿಗೆ ಕರೆದುಕೊಂಡು ಹೋದೆ. ಗಿಡದ ಸಾಮಾನು ಮಾರುವ ಅಂಗಡಿಯಲ್ಲಿ ಒಂದು ಪುಟ್ಟ ಮೋಟರ್ ಇತ್ತು. ಬಕೆಟ್ಟಿನಲ್ಲಿ ಮುಳುಗಿಸಿ ಸಮಯ ಇಟ್ಟರೆ ದಿನಾ ಅಷ್ಟೊತ್ತಿಗೆ ಸಣ್ಣ ಸಣ್ಣ ಕೊಳವೆಯಲ್ಲಿ ನೀರು ಬಿಡುತ್ತೆ. ನರಸಮ್ಮ ಒಂದೇ ಪ್ರಶ್ನೆ ಕೇಳಿದರು. ಕರೆಂಟು ಹೋದರೆ ಏನು ಗತಿ ಅಂತ, ಅಂಗಡಿಯವನ ತಮಿಳಿನಲ್ಲೇ. ಅಂಗಡಿಯವನು ಸುಳ್ಳು ಹೇಳಲಿಲ್ಲ. ಕರೆಂಟು ಹೋದರೆ ಇದು ಸಮಯ ಮರೆಯುತ್ತೆ ಅಂದ. ಬ್ಯಾಟರಿಯದು ಇನ್ನೊಂದು ತೋರಿಸಿದ. ಅದನ್ನು ತಂದೆವು.

ತಂದ ಮೇಲೆ ನರಸಮ್ಮ ಮಾಡಿದ್ದನ್ನು ನಾನು ಎಲ್ಲೂ ಕಂಡಿಲ್ಲ. ಬಕೆಟ್ಟು ತುಂಬಿ, ಮೋಟರ್ ಇಟ್ಟು, ಒಳಕೋಣೆಗೆ ಬೀಗ ಹಾಕಿ ಕೀಲಿಯನ್ನು ಅತ್ತೆಯ ಸೊಂಟದ ಚೀಲಕ್ಕೆ ಹಾಕಿದರು.

"ಅತ್ತೆ, ನಾನೀಗ ಕಾಶಿಗೋದೆ. ಬಂದೆ ಅನ್ನೋಗಂಟ ಕೀಲಿ ಕೊಡ್ಬ್ಯಾಡಿ. ನಾನು ಬೇಡ್ಕಂಡ್ರೂ ಕೊಡ್ಬ್ಯಾಡಿ."

ಹೋದದ್ದು ಎಲ್ಲಿಗೂ ಇಲ್ಲ. ಮುಂದಿನ ಕೋಣೆಯಲ್ಲೇ ಇದ್ದರು. ದಿನಾ ಹೂ ಕಟ್ಟಿದರು, ಮಾರಿದರು. ಒಳಕೋಣೆಯ ಬಾಗಿಲಿನ ಕಡೆ ಮಾತ್ರ ಹೋಗಲಿಲ್ಲ. ಮರುದಿನ ಬೆಳಿಗ್ಗೆ ಸೊಣ್ಣಪ್ಪ ಕೂಗಾಡಿದ.

"ನನ್ ಯೂನಿಫಾರಂ ಒಳಗೈತೆ ಕಣೇ!"

"ನಾವಿಬ್ರೂ ಕಾಶೀಲಿದೀವಿ. ಅಲ್ಲಿ ಯೂನಿಫಾರಂ ಯಾಕೆ?"

"ಅವ್ವಾ, ನೀನಾರ ಕೀಲಿ ಕೊಡು."

"ನೀವು ಬಂದ್ಮ್ಯಾಕೆ ಕೊಡ್ತೀನಪ್ಪ" ಅಂದರು ಪಾಪಮ್ಮ. ಪಾಪ, ಹಿಂದಿನ ದಿನದ ಯೂನಿಫಾರಂ ಅನ್ನೇ ಒಗೆದು ಒಗೆದು ಅಷ್ಟೂ ದಿನ ಹಾಕಿಕೊಂಡು ಹೋದ.

ವಾರ ಕಳೆದು ಬೀಗ ತೆಗೆದರು. ಅರ್ಧ ಕುಂಡ ಒದ್ದೆ, ಅರ್ಧ ಒಣಗಿದ್ದವು. ನಮ್ಮ ಬೋರ್ ನೀರಿನಲ್ಲಿ ಸುಣ್ಣ ಜಾಸ್ತಿ. ಪಾತ್ರೆಗೆಲ್ಲ ಬಿಳಿ ಕಟ್ಟುತ್ತೆ. ಅದೇ ಸುಣ್ಣ ಸಣ್ಣ ಕೊಳವೆಗಳ ಬಾಯಿಯಲ್ಲಿ ಕೂತಿತ್ತು. ಎಲೆಬಳ್ಳಿ ಬಾಡಿತ್ತು. ನರಸಮ್ಮ ಸ್ನಾನ ಮಾಡಿ ಬಂದು ನೀರು ಹಾಕಿದರು. ಸಂಜೆಗೆ ಎಲೆ ಎದ್ದವು.

ನೀರು ತುಂಬಿದ ಬಾಟಲಿಯನ್ನು ಕುಂಡದ ಮಣ್ಣಿಗೆ ಬೋರಲು ಹಾಕಿಯೂ ನೋಡಿದರು. ಗಳಗಳ ಅಂತ ಒಂದೇ ಸಲ ಇಳಿದುಹೋಯಿತು.

ದಾರಿ ಸಿಕ್ಕಿದ್ದು ಹೂವಿನ ಅಂಗಡಿಯಲ್ಲಿ. ಹೂ ಕಟ್ಟುವ ನೂಲಿನ ಉಂಡೆ ಮಲ್ಲಿಗೆ ರಾಶಿಯ ಮೇಲಿತ್ತು. ನೂಲಿನ ತುದಿ ಪಕ್ಕದ ನೀರಿನ ಡಬ್ಬಿಗೆ ಬಿದ್ದಿತ್ತು. ಊಟ ಮಾಡಿ ಬರುವಷ್ಟರಲ್ಲಿ ಉಂಡೆ ಪೂರ್ತಿ ಒದ್ದೆ. ನೀರು ನೂಲು ಹಿಡಿದು ಡಬ್ಬಿಯಿಂದ ಮೇಲಕ್ಕೆ ಬಂದಿತ್ತು. ನಾನು ಹೂವಿನ ಮೂಟೆ ಇಳಿಸುತ್ತಿದ್ದೆ. ನರಸಮ್ಮ ನನ್ನನ್ನು ಕರೆದು ತೋರಿಸಿದರು.

"ನೋಡ್ದ ಮೂರ್ತಿ? ದೀಪ್ದಾಗೆ ಎಣ್ಣೆ ಏರಲ್ವಾ, ಹಂಗೆ."

ಅವತ್ತು ಮನೆಗೆ ಹೋಗಿ ಅತ್ತೆಗೆ ಹತ್ತಿ ಕೊಟ್ಟು ಉದ್ದನೆಯ ದಪ್ಪ ಬತ್ತಿ ಹೊಸೆಯಲು ಹೇಳಿದರು. ಪಾಪಮ್ಮ ಅದರಲ್ಲಿ ಗಟ್ಟಿ. ಬತ್ತಿಯ ಒಂದು ತುದಿಯನ್ನು ಕುಂಡದ ಮಣ್ಣಿನಲ್ಲಿ ಹೂತು ಇನ್ನೊಂದನ್ನು ಬಕೆಟ್ಟಿಗೆ ಬಿಟ್ಟರು. ಮತ್ತೆ ಬೀಗ. ಮತ್ತೆ ಕಾಶಿ. ಈ ಸಲ ಸೊಣ್ಣಪ್ಪ ಮೊದಲೇ ಯೂನಿಫಾರಂ ತೆಗೆದಿಟ್ಟುಕೊಂಡಿದ್ದ.

ವಾರ ಕಳೆದು ಬೀಗ ತೆಗೆದರು. ಬಕೆಟ್ಟು ತುಂಬಿದ ಹಾಗೇ ಇತ್ತು. ಒಂದು ಹನಿಯೂ ಏರಿರಲಿಲ್ಲ. ಎಲೆಬಳ್ಳಿಯ ಕೆಳಗಿನ ಎಲೆಗಳು ಹಳದಿಯಾಗಿ ಉದುರಿದ್ದವು. ತುದಿ ಕಪ್ಪಾಗಿ ಬಗ್ಗಿತ್ತು.

"ಹೆಸರು ವಾಪಸ್ ತಗಳಾನ ಬುಡು. ಮುಂದಿನ್ ಸಲಿ ನೋಡಾನ" ಅಂದ ಸೊಣ್ಣಪ್ಪ. ಒಳ್ಳೆಯ ಮನಸ್ಸಿನಿಂದಲೇ ಅಂದ.

"ನಮ್ಮವ್ವನೂ ಮುಂದಿನ್ ಸಲಿ, ಮುಂದಿನ್ ಸಲಿ ಅಂತ್ಲೇ ಹೋಗ್ಬುಟ್ಳು" ಅಂದರು ನರಸಮ್ಮ.

ಅವರು ಬಳ್ಳಿಯ ಹತ್ತಿರ ಕೂತರು. ಎಲ್ಲ ಮುಗಿಯಿತು ಅಂದುಕೊಂಡೆ. ನರಸಮ್ಮ ಬತ್ತಿಯನ್ನು ಎಳೆದು ತೆಗೆದರು. ಬೆರಳಲ್ಲಿ ತಿಕ್ಕಿದರು. ಮೂಗಿನ ಹತ್ತಿರ ಹಿಡಿದರು. ಇನ್ನೊಂದು ಬತ್ತಿ ಎಳೆದು ಮೂಸಿದರು. ಆಮೇಲೆ ಅತ್ತೆಯ ಕಡೆ ತಿರುಗಿದರು.

"ಅತ್ತೆ, ಇದು ಹರಳೆಣ್ಣೆ ವಾಸ್ನೆ."

ಪಾಪಮ್ಮ ತಮ್ಮ ಬೆರಳುಗಳನ್ನೇ ನೋಡಿಕೊಂಡರು. ಹುಟ್ಟಿದಾಗಿನಿಂದ ದೀಪದ ಬತ್ತಿ ಹೊಸೆದ ಕೈ. ಬೆರಳನ್ನು ಎಣ್ಣೆಗೆ ಅದ್ದಿಯೇ ಹೊಸೆಯುವುದು ರೂಢಿ. ಗಿಡದ ಬತ್ತಿಯನ್ನೂ ಹಾಗೆಯೇ ಹೊಸೆದಿದ್ದರು. ಎಣ್ಣೆ ಕುಡಿದ ಬತ್ತಿ ನೀರು ಕುಡಿಯುತ್ತದೆಯೇ?

"ಅಯ್ಯೋ ನನ್ ಕೈ ಸೇದೋಗ!" ಅಂದರು ಪಾಪಮ್ಮ.

"ಏನತ್ತೆ, ಬಳ್ಳಿಗೆ ನೀರ್ ಕುಡ್ಸೋಕಾ, ದೀಪ ಹಚ್ಚೋಕಾ?" ಅಂತ ನರಸಮ್ಮ ನಕ್ಕರು. ಅವರು ನಕ್ಕ ಮೇಲೆ ಪಾಪಮ್ಮನೂ ನಕ್ಕರು. ನಾವೆಲ್ಲ ನಕ್ಕೆವು. ತಪ್ಪು ಯಾವುದು ಅಂತ ಗೊತ್ತಾದ ನಗು ಅದು.

ಪಾಪಮ್ಮ ಸೀಗೆಪುಡಿ ಹಾಕಿ ಕೈ ತೊಳೆದುಕೊಂಡು ಬಂದು ಹೊಸ ಹತ್ತಿ ಹಿಡಿದರು. ಈ ಸಲ ನೀರಿನ ಬಟ್ಟಲು ಪಕ್ಕಕ್ಕಿಟ್ಟುಕೊಂಡು ಹೊಸೆದರು. ನರಸಮ್ಮ ಬತ್ತಿಗಳನ್ನು ಮೊದಲೇ ನೀರಲ್ಲಿ ನೆನೆಸಿ ಆಮೇಲೆ ಮಣ್ಣಿಗೆ ಹೂತರು. ಬಕೆಟ್ಟಿನ ಎತ್ತರವನ್ನೂ ಬದಲಾಯಿಸಿ ನೋಡಿದರು. ಕುಂಡಕ್ಕಿಂತ ಮೇಲಿಟ್ಟರೆ ನೀರು ಸುರಿದುಬಿಡುತ್ತದೆ. ತೀರ ಕೆಳಗಿಟ್ಟರೆ ಏರುವುದಿಲ್ಲ. ಒಂದು ಮಣೆಯ ಮೇಲಿಟ್ಟಾಗ ಸರಿಹೋಯಿತು. ಎಲೆಬಳ್ಳಿಗೆ ಬಾಯಾರಿಕೆ ಜಾಸ್ತಿ, ಅದಕ್ಕೆ ಮೂರು ಬತ್ತಿ. ಮಿಕ್ಕವಕ್ಕೆ ಒಂದೊಂದು. ಪಟ್ಟೆ ಗಿಡಕ್ಕೆ ಬತ್ತಿಯೇ ಇಲ್ಲ, ಅದು ನೀರಿಲ್ಲದೆಯೂ ಇರುತ್ತೆ. ಸೊಳ್ಳೆ ಮೊಟ್ಟೆ ಇಡದ ಹಾಗೆ ಬಕೆಟ್ಟಿಗೆ ಬಟ್ಟೆ ಕಟ್ಟಿದರು.

ಮತ್ತೆ ಬೀಗ ಹಾಕಿದರು. ಮೂರನೆಯ ಕಾಶಿ.

ಬಾಗಿಲು ತೆಗೆದಾಗ ಬಕೆಟ್ಟು ಅರ್ಧ ಇಳಿದಿತ್ತು. ಮಣ್ಣು ಹದವಾಗಿ ಒದ್ದೆ ಇತ್ತು. ಕಪ್ಪಾಗಿದ್ದ ತುದಿಯ ಕೆಳಗೆ ಗಿಣ್ಣಿನಲ್ಲಿ ಸಾಸಿವೆ ಗಾತ್ರದ ಹಸಿರು ಚಿಗುರು ಬಂದಿತ್ತು. ನರಸಮ್ಮ ಒಳಗೆ ಹೋಗಿ ಪೆಟ್ಟಿಗೆ ತೆಗೆದು ಬಟ್ಟೆ ತುಂಬಲು ಶುರು ಮಾಡಿದರು.

ನಿಜವಾಗಿ ಹೊರಟ ದಿನ ಸ್ನಾನ ಮಾಡಿ, ಬಕೆಟ್ಟು ತುಂಬಿ, ಬೀಗ ಹಾಕಿ ನನ್ನ ಕಡೆ ತಿರುಗಿದರು.

"ಮೂರ್ತಿ, ಕಿಟಕೀಲಿ ನೋಡು. ಕೈ ಮಾತ್ರ ಇಕ್ಬ್ಯಾಡ ಕಣಪ್ಪ."

"ಇಲ್ಲ ನರಸಕ್ಕ, ನೀನು ಹೋಗ್ಬಾ" ಅಂದೆ.

ದಿನಾ ಬೆಳಿಗ್ಗೆ ಲೋಡಿಗೆ ಹೋಗುವ ಮೊದಲು ಮೊಗಸಾಲೆಗೆ ತೆರೆಯುವ ಒಳಕೋಣೆಯ ಕಿಟಕಿಯಲ್ಲಿ ನೋಡುತ್ತಿದ್ದೆ. ಎರಡು ಸಲ ಕರೆಂಟು ಹೋಯಿತು, ಬತ್ತಿಗೆ ಅದು ಗೊತ್ತೇ ಆಗಲಿಲ್ಲ. ಚಿಗುರು ದಿನದಿಂದ ದಿನಕ್ಕೆ ಉದ್ದವಾಯಿತು. ನಾನು ಮಾಡಿದ್ದು ಏನೂ ಇಲ್ಲ. ಆದರೂ ನೋಡಿದಾಗೆಲ್ಲ ಎದೆ ಉಬ್ಬುತ್ತಿತ್ತು. ಮುತ್ತರಾಯಪ್ಪನೂ ಅಂಗಡಿ ಬಿಟ್ಟು ಮೇಲೆ ಬಂದು ಇಣುಕಿ ಹೋಗುತ್ತಿದ್ದ. ಅವರೆಕಾಳಿನ ಭಯಕ್ಕೆ ಬರುತ್ತೀನಿ ಅನ್ನುತ್ತಿದ್ದ. ಬಂದವನು ಚಿಗುರಿನ ಬಗ್ಗೆಯೇ ಕೇಳುತ್ತಿದ್ದ.

ಅವರು ವಾಪಸ್ ಬಂದಾಗ ಮೆಟ್ಟಿಲ ಮೇಲೆಲ್ಲ ಜನ. ಪಾಪಮ್ಮ, ಭೈರೇಶ್, ಮುತ್ತರಾಯಪ್ಪ, ನಾನು. ಬೀಗ ತೆಗೆದರು. ಮನಿ ಪ್ಲಾಂಟ್ ಗೋಡೆ ಹಿಡಿದು ಮೇಲೆ ಹೋಗಿತ್ತು. ದೊಡ್ಡಪತ್ರೆ ಕುಂಡ ತುಂಬಿತ್ತು. ಎಲೆಬಳ್ಳಿಯ ಚಿಗುರು ಮೂರು ಎಲೆ ಬಿಟ್ಟು ಕಿಟಕಿಯ ಮೇಲಿನ ಸರಳನ್ನು ಮುಟ್ಟಿತ್ತು. ಬಕೆಟ್ಟಿನ ತಳದಲ್ಲಿ ಇನ್ನೂ ನೀರಿತ್ತು.

"ಅಕ್ಕಾ, ಗೆದ್ಬುಟ್ಟೆ!" ಅಂತ ಭೈರೇಶ್ ಕೂಗಿದ. "ನಮ್ ರೋಜಾ ಶೆಡ್ಡಿಗೂ ಬತ್ತಿ ಹೊಸ್ಕೊಡಿ ಪಾಪಮ್ಮತ್ತೆ."

"ಎಕ್ರೆಗೆಷ್ಟು ಹತ್ತಿ ಬೇಕೋ ನೀನೇ ಲೆಕ್ಕ ಹಾಕ್ಕಂಬಾರ್ಲಾ" ಅಂದರು ಪಾಪಮ್ಮ.

ನರಸಮ್ಮ ಸ್ನಾನ ಮಾಡಿ ಬಂದರು. ಕಾಶಿಯಿಂದ ತಂದ ಗಂಗೆಯ ತಂಬಿಗೆಯ ಮುಚ್ಚಳದ ಬೆಸುಗೆ ಒಡೆದು ಬಳ್ಳಿಯ ಬಕೆಟ್ಟಿಗೆ ಸುರಿದರು. ಬುಡಕ್ಕೆ ಹಾಕಲಿಲ್ಲ, ಬಕೆಟ್ಟಿಗೇ. ಬತ್ತಿಯ ಮೇಲೆ ಬೆರಳಿಟ್ಟು, "ಅವ್ವಾ, ನಿಧಾನಕ್ ಕುಡಿ. ಬೇಕಾದಷ್ಟೈತೆ" ಅಂದರು. ಸೊಣ್ಣಪ್ಪ ಆ ಕಡೆ ತಿರುಗಿಕೊಂಡ.

ಈಗ ನಮ್ಮ ಬೀದಿಯ ಎಷ್ಟೋ ಮನೆಗಳಲ್ಲಿ ಕುಂಡಕ್ಕೆ ಬತ್ತಿ ಇದೆ. ಮುತ್ತರಾಯಪ್ಪನ ಗಲ್ಲಾಪೆಟ್ಟಿಗೆಯ ಮೇಲೂ ಒಂದಿದೆ. ಮದುವೆಯಾಗಿ ಹೋಗುವ ಹೆಣ್ಣುಮಕ್ಕಳು ನರಸಮ್ಮನ ಹತ್ತಿರ ಬಳ್ಳಿಯ ತುಂಡು ಕೇಳಿಕೊಂಡು ಹೋಗುತ್ತಾರೆ. ಅವರು ಕೊಡುತ್ತಾರೆ, ಜೊತೆಗೆ ಒಂದು ಬತ್ತಿಯನ್ನೂ ಕೊಡುತ್ತಾರೆ.

ಓದಿದ ನೀವು ಹೊಸೂರಿಂದ ಡೆಂಕಣಿಕೋಟೆ ಕಡೆ ಹೋಗುವಾಗ ಕೆಲಮಂಗಲದಲ್ಲಿ ಇಳಿಯಿರಿ. ಬಸ್ ನಿಲ್ದಾಣದಲ್ಲಿ ಹೂವಿನ ನರಸಮ್ಮ ಅಂದರೆ ಯಾರಾದರೂ ತೋರಿಸುತ್ತಾರೆ. ಒಂದು ಮೊಳ ಹೂ ತೆಗೆದುಕೊಳ್ಳಿ, ಬಳ್ಳಿ ನೋಡಬೇಕು ಅನ್ನಿ. ಮನೆಗೆ ಕರೆದುಕೊಂಡು ಹೋಗಿ ಎಲೆ ಅಡಿಕೆ ಕೊಡುತ್ತಾರೆ. ಬಳ್ಳಿಯನ್ನು ಮಾತ್ರ ಮುಟ್ಟಬೇಡಿ. ನೋಡಿ, ಅವರ ಜೊತೆ ಎರಡು ಮಾತಾಡಿ ಬನ್ನಿ.